ಹೋಟ್ಲು ಮುಚ್ಚಿದ್ವಿ, ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳೋದಿದೆ

ಮೊನ್ನೆ ಭಾನುವಾರ ಮಧ್ಯಾಹ್ನದ ಮುದ್ದೆ ಊಟ ಮುಗಿಸಿ ಶಟರ್ ಎಳೆದ್ವಿ, ಇನ್ನು ತೆಗೆಯಲ್ಲ. ಫೋನ್ ಮಾಡಿ ಕೇಳ್ತಿರೋರಿಗೆಲ್ಲ ಒಂದೇ ಸಲ ಹೇಳ್ಬಿಡೋಣ ಅಂತ ಬರೀತಿದೀನಿ. ಹೌದು, ನಿಜ. ಇಲ್ಲ, ಜಾಗ ಮಾರಿಲ್ಲ. ಬೇರೆ ಕಡೆ ಬ್ರಾಂಚೂ ಮಾಡ್ತಿಲ್ಲ. ಅಮ್ಮ ಚೆನ್ನಾಗಿದ್ದಾರೆ, ಇವತ್ತು ಬೆಳಿಗ್ಗೆ ಬೆಳಕಾದ್ಮೇಲೂ ಮಲಗಿದ್ರು, ನಮ್ಮನೇಲಿ ಅದು ದೊಡ್ಡ ಸುದ್ದಿ.

ಯಾಕೆ ಮುಚ್ಚಿದ್ರಿ ಅನ್ನೋದು ರಾಮನಗರ ಚನ್ನಪಟ್ಟಣದ ಕಡೆಯೋರಿಗೆ ಹೇಳ್ಬೇಕಾಗೇ ಇಲ್ಲ. ಬೈಪಾಸ್ ಒಂದೊಂದೇ ಓಪನ್ ಆಗ್ತಾ ಬಂದಾಗ್ಲೇ ಗಲ್ಲಾಪೆಟ್ಟಿಗೆಗೆ ಗೊತ್ತಾಗಿತ್ತು, 2023ರ ಮಾರ್ಚ್ 12ಕ್ಕೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಆಮೇಲೆ ಮೈಸೂರಿಗೆ ಹೋಗೋ ಕಾರು, ನಾನ್‌ಸ್ಟಾಪ್ ಬಸ್ಸು, ದಸರಾ ಟೂರಿಸ್ಟ್ ಗಾಡಿ ಎಲ್ಲ ಹಳೇ ರೋಡಲ್ಲಿದ್ದ ನಮ್ಮ ಹೋಟ್ಲ ಕಡೆ ಬರದೇ ಅದರಲ್ಲೇ ಹೋದ್ವು. ಅದೇ ವರ್ಷ ಆಗಸ್ಟ್ 1ರಿಂದ ಬೈಕು ಆಟೋ ಟ್ರ್ಯಾಕ್ಟರ್ ಅಲ್ಲಿ ಬಿಡಲ್ಲ ಅಂದಾಗ, ಸತ್ಯ ಹೇಳ್ತೀನಿ, ನಮಗೆ ಒಳಗೊಳಗೇ ಖುಷಿ ಆಯ್ತು. ಬೈಕ್ನೋರು ಬಂದ್ರು ಕೂಡ. ಆದ್ರೆ ಬೈಕಲ್ಲಿ ಬರೋರು ನಿಂತ್ಕೊಂಡೇ ಒಂದು ಕಾಫಿ ಕುಡ್ದು ಹೋಗ್ತಾರೆ, ಫ್ಯಾಮಿಲಿ ಕಾರು ನಿಂತ್ರೆ ಎಂಟು ತಟ್ಟೆ ಇಡ್ಲಿ ಹೋಗುತ್ತೆ, ಲೆಕ್ಕ ಅಷ್ಟೇ. ರೋಡ್ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ, ನಾನೂ ಮೈಸೂರಿಗೆ ಹೋದ್ರೆ ಅದರಲ್ಲೇ ಹೋಗೋದು.

ಥ್ಯಾಂಕ್ಸ್ ಹೇಳ್ಬೇಕಾಗಿರೋರು ಜಾಸ್ತಿ. ನಾವು ಎದ್ದೇಳೋಕೆ ಮುಂಚೆನೇ ಕ್ಯಾನ್ ಇಟ್ಟು ಹೋಗ್ತಿದ್ದ ಹಾಲಿನ ಅಣ್ಣ, ಬಾಳೆಎಲೆ ತಾತ, ಗ್ಯಾಸ್ ಹುಡುಗ, ಲಾಕ್‌ಡೌನ್ ಟೈಮಲ್ಲಿ ಸಾಲ ಕೇಳದೇನೇ ದಿನಸಿ ಕಳಿಸಿದ ಅಂಗಡಿಯೋರು, ಬೆರಳಿಗೆಲ್ಲ ಅರಗಿನ ಬಣ್ಣ ಅಂಟಿಸ್ಕೊಂಡು ಬರ್ತಿದ್ದ ಚನ್ನಪಟ್ಟಣದ ಬೊಂಬೆ ಕೆಲಸದೋರು, ಎಲ್ಲರಿಗೂ. ಮಾರ್ಕೆಟ್‌ಗೆ ರೇಷ್ಮೆ ಗೂಡು ತರ್ತಿದ್ದ ರೈತರಿಗೆ ಸ್ಪೆಷಲ್ಲಾಗಿ. ಅವತ್ತಿನ ಗೂಡಿನ ರೇಟ್ ನಮಗೆ ಪೇಪರ್ ನೋಡದೇನೇ ಗೊತ್ತಾಗೋದು, ರೇಟ್ ಸಿಕ್ಕಿದ್ರೆ ಇಡ್ಲಿ ಜೊತೆ ವಡೆ, ಆಮೇಲೆ ಕೇಸರಿಬಾತು, ಪಾರ್ಸಲ್ಲೂ ಒಂದು. ಸಿಗದಿದ್ರೆ ಬೈಟೂ ಕಾಫಿ.

ಈಗ ನಮ್ಮ ಇಡ್ಲಿ ಅಕ್ಕನ ವಿಷ್ಯ. ಹೆಸರು ಹಾಕ್ಬ್ಯಾಡ, ಫೋಟೋನಂತೂ ಹಾಕ್ಲೇಬ್ಯಾಡ ಅಂತ ಹೇಳಿದ್ದಾರೆ, ಹಾಕಲ್ಲ. ಬಂದು ಹೋಗೋರು ಬೋರ್ಡ್ ನೋಡಿ ಅಪ್ಪನ ಹೆಸರು ಹೇಳ್ತಿದ್ರು, ಅವರು ತಿಂದು ಹೋಗ್ತಿದ್ದಿದ್ದು ಅಕ್ಕನ ಕೈ ಅಡುಗೆ. ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯೋಕೆ ಮುಂಚೆ ಬೆರಳಲ್ಲಿ ಒಂದು ಸಲ ಹಿಟ್ಟು ಮುಟ್ಟಿ ನೋಡೋರು, ಚಳಿ ಜಾಸ್ತಿ ಇದ್ರೆ "ಇವತ್ತು ಇನ್ನೊಂದು ಗಳಿಗೆ ಬಿಡು" ಅನ್ನೋರು, ಹೊರಗಡೆ ಗಿರಾಕಿ ಕೂಗ್ತಿದ್ರೂ ಅಷ್ಟೇ, ಒಲೆ ಮೇಲೆ ಇಡ್ತಿರ್ಲಿಲ್ಲ. ಸಬ್ಬಕ್ಕಿ ಎಷ್ಟು ಹಾಕ್ಬೇಕು ಅಂತ ನಾನು ಬರ್ಕೊಳ್ಳೋಕೆ ಪುಸ್ತಕ ತಗೊಂಡು ಹೋದ್ರೆ "ಬರ್ಕೊಂಡ್ರೆ ಬರಲ್ಲ, ಇಲ್ಲಿ ನಿಂತ್ಕೊ" ಅಂತ ಪುಸ್ತಕ ಕಿತ್ತು ಕಿಟಕಿ ಮೇಲಿಟ್ರು. ಅದು ಹಾಗೇ ಅಲ್ಲೇ ಹೊಗೆ ಹಿಡೀತು.

2022ರ ಆಗಸ್ಟ್ ಕೊನೇಲಿ ರಾಮನಗರದ ಹತ್ರ ಹೈವೇಲೇ ಬಸ್ಸು ಕಾರು ಮುಳುಗಿದ್ದು ಟೀವಿಲಿ ನೋಡಿರ್ತೀರ. ಅಪ್ಪ ಆಗ ಬೆಂಗಳೂರಲ್ಲಿ ಆಸ್ಪತ್ರೆಲಿ, ಅಮ್ಮ ತಮ್ಮ ಇಬ್ರೂ ಅಲ್ಲೇ, ಹೋಟ್ಲಲ್ಲಿ ನಾನೊಬ್ಳೇ. ಅಪ್ಪನ ಕಾಯಿಲೆ ಬಗ್ಗೆ ನಿಮಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ನಡುರಾತ್ರಿ ಹಿಂದಿನ ಹಳ್ಳದ ನೀರು ಸ್ಟೋರ್ ರೂಮಿಗೆ ನುಗ್ಗಿತು, ಕರೆಂಟಿಲ್ಲ, ಖಾಲಿ ಸಿಲಿಂಡರ್ ತೇಲ್ಕೊಂಡು ಬಂದು ಬಾಗಿಲಿಗೆ ಢಣ್ ಢಣ್ ಅಂತ ಬಡೀತಿದೆ, ನಾನು ಉದ್ದಿನಬೇಳೆ ಮೂಟೆ ಎಳೆಯೋಕೆ ಹೋಗಿ ಅಲ್ಲೇ ಕೂತ್ಬಿಟ್ಟೆ. ಅಷ್ಟೊತ್ತಿಗೆ ತಲೆ ಮೇಲೆ ಗೋಣಿಕೊಪ್ಪೆ ಹಾಕ್ಕೊಂಡು ಟಾರ್ಚ್ ಹಿಡ್ಕೊಂಡು ಅಕ್ಕ ಬಂದ್ರು. ಯಾರೂ ಕರೆದಿರ್ಲಿಲ್ಲ. "ಏಳವ್ವ, ಒಂದು ಕಡೆ ನೀನು ಹಿಡಿ" ಅಂದ್ರು ಅಷ್ಟೇ. ಅಕ್ಕಿ ಉದ್ದು ಎಲ್ಲ ಮೂಟೆ ಮುಂದಿನ ಟೇಬಲ್ ಮೇಲೆ ಸೇರಿಸಿದ್ವಿ, ಗ್ರೈಂಡರ್ ಮಾತ್ರ ಎತ್ತೋಕಾಗ್ಲಿಲ್ಲ.

ತಮ್ಮ ಫೋನ್ ಮಾಡಿ ಅಪ್ಪನ್ನ ಐಸಿಯುಗೆ ಹಾಕಿದ್ದಾರೆ ಅಂದ. ನಾನು ಹೊರಡ್ತೀನಿ ಅಂದ್ರೆ ಎಲ್ಲಿಗೆ ಹೊರಡೋದು, ರೋಡೇ ಇಲ್ಲ. ಅಕ್ಕ ನನ್ನ ಪಕ್ಕ ಕೂತು ಬೆಳಗಾಗೋವರೆಗೂ ಮಾತಾಡಿದ್ರು. ಧೈರ್ಯ ಏನೂ ಹೇಳ್ಲಿಲ್ಲ, ದೇವರ ಸುದ್ದಿನೂ ಎತ್ಲಿಲ್ಲ. ಅಪ್ಪ ಹೋಟ್ಲು ಶುರು ಮಾಡಿದಾಗ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿ ಯಾರಿಗೂ ಹೇಳ್ದೆ ಬಡಿಸಿದ್ದು, ಅದನ್ನ ತಿಂದ ಕಂಡಕ್ಟರ್ ನೀರು ಕುಡ್ದು ಕುಡ್ದು ಬೈದಿದ್ದು, ಇಂಥವೇ. ನಾನು ನಗ್ತಿದ್ದೆ, ಅಳ್ತಿದ್ದೆ, ಎರಡೂ. ಬೆಳಿಗ್ಗೆ ಒಂದು ಪಾತ್ರೆ ಹಿಟ್ಟು ಉಳ್ದಿತ್ತು, ಒಲೆ ಹಚ್ಚಿದ್ರು, ರೋಡಲ್ಲಿ ಸಿಕ್ಕಾಕೊಂಡಿದ್ದ ಬಸ್ಸಿನೋರಿಗೆಲ್ಲ ಇಡ್ಲಿ ಕೊಟ್ರು. ದುಡ್ಡು? "ಯಜಮಾನ್ರು ಇದ್ದಿದ್ರೆ ಇಸ್ಕೊತಿದ್ರಾ?"

ಅದೇ ರಾತ್ರಿ ಅವರ ಮನೆ ಕೊಟ್ಟಿಗೆ ಗೋಡೆ ಬಿದ್ದಿತ್ತು. ಅದು ನನಗೆ ಗೊತ್ತಾಗಿದ್ದು ಆಮೇಲೆ, ಅವರ ಮಗ ಹೇಳಿ. ಯಾಕಕ್ಕ ಹೇಳ್ಲಿಲ್ಲ ಅಂತ ಜಗಳಕ್ಕೆ ಹೋದ್ರೆ "ಎಮ್ಮೆ ಬೇರೆ ಕಡೆ ಕಟ್ಟಾಕಿ ಬಂದಿದ್ದೆ ಕಣವ್ವ, ಗೋಡೆಗೇನು ಜೀವ ಐತಾ" ಅಂದ್ರು. ಇಂಥೋರಿಗೆ ಥ್ಯಾಂಕ್ಸ್ ಅಂತ ಹೇಗೆ ಹೇಳೋದು ನನಗೆ ಗೊತ್ತಿಲ್ಲ. ಭಾನುವಾರ ಹೇಳೋಕೆ ಹೋದೆ, ಬಾಯಿಂದ ಮಾತೇ ಬರ್ಲಿಲ್ಲ, ಅವರು ಸುಮ್ನೆ ಪಾತ್ರೆ ಉಜ್ಜುತಿದ್ರು, ನಾನೂ ಕೂತು ಉಜ್ಜಿದೆ.

ಇನ್ನೊಂದು. ನಿಮ್ಮಪ್ಪ ಇದ್ದಿದ್ರೆ ಮುಚ್ತಿರ್ಲಿಲ್ಲ ಅಂತ ಕೆಲವರು ಹೇಳ್ತಿದ್ದಾರೆ. ದಯವಿಟ್ಟು ಹಾಗೆ ಹೇಳ್ಬೇಡಿ, ಅಮ್ಮನ ಮುಂದೆ ಅಂತೂ ಬೇಡವೇ ಬೇಡ. ಆಸ್ಪತ್ರೆಯಿಂದ ಬಂದ್ಮೇಲೆ ಅಪ್ಪ ಗಲ್ಲಾದಲ್ಲಿ ಕೂತು ಖಾಲಿ ರೋಡ್ ನೋಡಿದ್ದಾರೆ. ಸಾಲ ಮಾಡಿ ನಡೆಸ್ಬೇಡಿ, ಆಗದಿದ್ದಾಗ ನಗ್ತಾ ಮುಚ್ಚಿ ಅಂತ ಅವರೇ ಹೇಳಿ ಹೋಗಿರೋದು. ನಗ್ತಾ ಮುಚ್ಚೋಕೆ ನಮಗಾಗ್ಲಿಲ್ಲ. ಸಾಲ ಮಾಡಿಲ್ಲ, ಅಷ್ಟು ಮಾಡಿದ್ದೀವಿ.

ಇಡ್ಲಿ ಸ್ಟ್ಯಾಂಡು, ತಟ್ಟೆ, ದೊಡ್ಡ ಒಲೆ ಎಲ್ಲ ಅಕ್ಕನ ಮನೆಗೆ ಹೋಗಿದೆ. ಮದುವೆ, ಬೀಗರೂಟ, ನಾಮಕರಣಕ್ಕೆ ಆರ್ಡರ್ ತಗೋತಾರೆ, ಬೇಕಾದೋರು ನನಗೆ ಮೆಸೇಜ್ ಮಾಡಿ, ನಂಬರ್ ಕೊಡ್ತೀನಿ. ಟಿಫನ್ ಕ್ಯಾರಿಯರ್ ಬಿಟ್ಟೋಗಿರೋರು ಮನೆಗೆ ಬಂದು ತಗೊಂಡೋಗಿ, ಒಂದು ಅಟ್ಟ ತುಂಬಾ ಇದೆ, ಯಾವುದು ಯಾರದು ಅಂತ ಅಮ್ಮಂಗೆ ಮಾತ್ರ ಗೊತ್ತು. ಮತ್ತೆ ಬಾಕಿ ಪುಸ್ತಕ ಹರಿದು ಒಲೆಗೆ ಹಾಕಿದ್ದೀವಿ, ಯಾರೂ ಮುಖ ತಪ್ಪಿಸ್ಕೊಂಡು ಓಡಾಡ್ಬೇಡಿ, ಸಿಕ್ಕಾಗ ಮಾತಾಡ್ಸಿ.