ಪ್ಯಾನೆಲ್‌ಗೆ ಮೊದಲು ತಾರಸಿ

ಚಿ. ಸೌ. ಶೈಲಾಳಿಗೆ ಸೋದರಮಾವನ ಆಶೀರ್ವಾದಗಳು.

ದಾವಣಗೆರೆಯ ಮನೆಗೆ ಸಾಲ ಮಾಡಿಯಾದರೂ 3 ಕಿಲೋವ್ಯಾಟ್ ಸೋಲಾರ್ ಹಾಕಿಸುವ ವಿಚಾರ ಬರೆದಿದ್ದೀಯ. ಹಾಕಿಸಮ್ಮ, ಬೇಡ ಅನ್ನುವುದಿಲ್ಲ. ಆದರೆ ಮೊದಲು ತಾರಸಿ, ಆಮೇಲೆ ಫ್ಯಾನು, ಬಿಸಿನೀರು, ಪ್ಯಾನೆಲ್ ಕೊನೆಗೆ. ಪ್ಯಾನೆಲ್‌ನ ಕಾಲುಗಳು ಕೂತ ಮೇಲೆ ಅವುಗಳ ಅಡಿಯಲ್ಲಿ ತಾರಸಿ ರಿಪೇರಿ ಮಾಡುವುದು ಬಲು ಕಷ್ಟ. ಇವತ್ತಿನ ದುಂದಿಗೆ ಅಳತೆ ಮಾಡಿ ತಂದ ಪ್ಯಾನೆಲ್, ಬಳಕೆ ಇಳಿದ ಮೇಲೆ ಅತಿಯಾಗುತ್ತದೆ.

ನಿಮ್ಮದು ಆರ್‌ಸಿಸಿ ಮನೆ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಸಂಜೆಯಿಂದ ಆ ಶಾಖವನ್ನು ಕೋಣೆಯೊಳಗೆ ಬಿಡುತ್ತದೆ. ರಾತ್ರಿ ಫ್ಯಾನ್ ಹಾಕಿದರೂ ಸೆಕೆ ಅನ್ನುವುದು ಅದಕ್ಕೇ. ಬಿಸಿಲನ್ನು ಮೇಲೆಯೇ ತಿರುಗಿಸಿ ಕಳಿಸುವ ಬಿಳಿ ಕೂಲ್ ರೂಫ್ ಬಣ್ಣ ತಾ. ಡಬ್ಬಿಯ ಮೇಲೆ ಎಸ್‌ಆರ್‌ಐ (ಬಿಸಿಲಿಗೆ ಎಷ್ಟು ತಂಪಾಗಿ ಉಳಿಯುತ್ತದೆ ಎಂಬ ಅಂಕ) 100ಕ್ಕಿಂತ ಹೆಚ್ಚು ಎಂದಿರಬೇಕು. 1000 ಚದರಡಿಗೆ ಎರಡು ಕೋಟು ಹಚ್ಚಲು ಸುಮಾರು 40 ಲೀಟರ್ ಹಿಡಿದುಕೋ. ಒರಟು ತಾರಸಿ ಇನ್ನೂ ಹೆಚ್ಚು ಹೀರುತ್ತದೆ.

ಬಣ್ಣ ಕೆಡುವುದೆಲ್ಲ ತಯಾರಿಯಲ್ಲಿ. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಎರಡು ದಿನ ಒಣಗಲು ಬಿಡಬೇಕು. ಬಿರುಕುಗಳನ್ನು ತುಂಬಿಸಬೇಕು. ಒಳಗೆ ತೇವ ಉಳಿದಿದ್ದರೆ ಅದು ಆವಿಯಾಗಿ ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ, ಮುಂದಿನ ಬೇಸಿಗೆಗೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಸೋರುವ ತಾರಸಿಯಾದರೆ ಸೋರಿಕೆ ನಿಲ್ಲಿಸದೆ ಬಣ್ಣದ ಡಬ್ಬಿ ತೆರೆಯಲೇಬೇಡ. ನಡುಹಗಲಿನ ಕಾದ ಸ್ಲ್ಯಾಬಿಗೆ ಹಚ್ಚಿದರೆ ಕಚ್ಚಿಕೊಳ್ಳುವ ಮುಂಚೆಯೇ ಒಣಗುತ್ತದೆ. ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹಚ್ಚಿಸು. ಮೊದಲ ಕೋಟು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ದೂಳು ಕೂತರೆ ಬಿಳಿ ಬಣ್ಣದ ಗುಣ ಅರ್ಧ ಹೋದಂತೆ, ಹಾಗಾಗಿ ಬೇಸಿಗೆಗೆ ಮುಂಚೆ ಪ್ರತಿ ವರ್ಷ ತೊಳೆಸು.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆ ಸಾಲದು. ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗಿನ ಶಾಖ. ಬಿದಿರಿನ ಕಡ್ಡಿಯ ಪರದೆಯನ್ನು ಹೊರಗಡೆ ಕಟ್ಟಿಸು.

ಹಳೆಯ ಫ್ಯಾನು ಒಂದೊಂದೂ ಸುಮಾರು 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ನಾಲ್ಕು ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 65 ಯೂನಿಟ್‌ನಷ್ಟು ಉಳಿತಾಯ. ಹಳೆಯ ರೆಗ್ಯುಲೇಟರನ್ನು ಮಾತ್ರ ತೆಗೆಸಿ ನೇರ ಸ್ವಿಚ್‌ಗೆ ಕೊಡಿಸು. ರೆಗ್ಯುಲೇಟರ್ ಮೂಲಕ ಓಡಿಸಿದರೆ ಹೊಸ ಫ್ಯಾನಿನೊಳಗಿನ ಬೋರ್ಡು ಸುಡಬಹುದು. ಎಲೆಕ್ಟ್ರಿಶಿಯನ್‌ಗಳು ಇದನ್ನು ಮರೆಯುತ್ತಾರೆ, ನೀನೇ ನಿಂತು ನೋಡು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವಾಗ ಉಳಿಸಿ ಏನು ಲಾಭ ಎಂದು ಮನೆಯಲ್ಲಿ ಯಾರಾದರೂ ಕೇಳಬಹುದು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು ಎಂದು ಹೇಳು. ಬೇಸಿಗೆಯಲ್ಲಿ ದಾಟಿಸುವುದು ಇವೇ ಫ್ಯಾನು, ಕೂಲರ್, ಎಸಿ.

ಬಿಸಿನೀರಿಗೆ ಸೋಲಾರ್ ವಾಟರ್ ಹೀಟರ್ ಹಾಕಿಸು, ನಾಲ್ವರಿಗೆ 150ರಿಂದ 200 ಲೀಟರ್‌ನದು. ಬೋರ್‌ವೆಲ್ ನೀರು ಗಡಸಾಗಿದ್ದರೆ ತಾಮ್ರದ ಕೊಳವೆಯ ಹೀಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿ ನೀರೇ ಹರಿಯದಂತಾಗುತ್ತದೆ. ಬಿಚ್ಚಿ ತೊಳೆಯಬಹುದಾದ ಗಾಜಿನ ಕೊಳವೆಯದೇ ವಾಸಿ. ಬಚ್ಚಲಿಗೆ ಇಳಿಯುವ ಪೈಪು ಬಿಸಿನೀರು ತಾಳುವ ಸಿಪಿವಿಸಿ ಪ್ಲಾಸ್ಟಿಕ್ಕಿನದಾಗಿರಲಿ, ಅದಕ್ಕೆ ಶಾಖ ಉಳಿಸುವ ಫೋಮ್ ಹೊದಿಕೆ ಸುತ್ತಿಸು. ಇಲ್ಲವಾದರೆ ಬಿಸಿನೀರು ಬರುವ ತನಕ ತಣ್ಣೀರು ಬಕೆಟ್‌ಗಟ್ಟಲೆ ಮೋರಿಗೆ ಹೋಗುತ್ತದೆ.

ಇನ್ನು ಪ್ಯಾನೆಲ್. 1 ಕಿಲೋವ್ಯಾಟ್‌ಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು, ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ; ಪ್ಯಾನೆಲ್ ನಮ್ಮ ದೇಶದಲ್ಲೇ ತಯಾರಾದದ್ದಾಗಿರಬೇಕು. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವುಗಳ ಇಳುವರಿಯೂ ತಗ್ಗುತ್ತದೆ. ಇನ್ನೊಂದು ಮಾತು: ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಕರೆಂಟ್ ಲೈನಿಗೇ ಜೋಡಿಸಿದ್ದು, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದೇ ಹಾಗೆ ಮಾಡಿರುವುದು. ಮಾರುವವರು ಇದನ್ನು ಹೇಳುವುದಿಲ್ಲ.

ಹಿಂದಿನ 12 ತಿಂಗಳ ಬಿಲ್‌ಗಳಿಂದ ಯೂನಿಟ್‌ಗಳನ್ನು ಬರೆದು, ತಾರಸಿಯ ಅಳತೆಯ ಜೊತೆ ಕಳಿಸು. 3 ಕಿಲೋವ್ಯಾಟ್ ಬೇಕೋ 2 ಸಾಕೋ ಲೆಕ್ಕ ಹಾಕಿ ಬರೆಯುತ್ತೇನೆ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ಮಾವ