ರಾತ್ರಿ ಉಳಿಯುವ ಶಿಬಿರ ನಮ್ಮೂರ ಮಕ್ಕಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕಳೆದ ಎಪ್ರಿಲ್‌ನಲ್ಲಿ ನನ್ನ ಮಗ ಐದು ದಿನದ ಸಹವಾಸ ಶಿಬಿರಕ್ಕೆ ಹೋಗಿ ಬಂದ. ನಾಲ್ಕು ರಾತ್ರಿ ಮನೆಯಿಂದ ಹೊರಗೆ ಉಳಿದ. ಬೇಸಿಗೆ ರಜೆ ಹತ್ತಿರ ಬರುತ್ತಿದೆ. ಮಕ್ಕಳನ್ನು ಕಳುಹಿಸಲೋ ಬೇಡವೋ ಅಂತ ಯೋಚಿಸುವ ತಂದೆತಾಯಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಆಗ ಹತ್ತು ವರ್ಷ. ಮನೆಯೊಳಗೆ ಮಾತಿಗೆ ಏನೂ ಕಡಿಮೆಯಿಲ್ಲ. ಹೊರಗೆ ಕಾಲಿಟ್ಟರೆ ನನ್ನ ಸೆರಗು ಬಿಡುತ್ತಿರಲಿಲ್ಲ. ನಮ್ಮಲ್ಲಿ ಬಚ್ಚಲು ಅಂಗಳದ ಆಚೆ ಇದೆ. ಕತ್ತಲಾದ ಮೇಲೆ ಅಲ್ಲಿಗೆ ಒಬ್ಬನೇ ಹೋದವನಲ್ಲ. ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಮಲಯಾಳದಲ್ಲಿ ಏನಾದರೂ ಕೇಳಿದರೆ ತಲೆ ತಗ್ಗಿಸಿ ಕೂತುಬಿಡುತ್ತಿದ್ದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಇಳಿದರೆ ಮಲಯಾಳ. ಎಲ್ಲಿ ಯಾವ ಮಾತು ಆಡಬೇಕು, ತಪ್ಪಿದರೆ ಯಾರು ನಗುತ್ತಾರೆ ಅನ್ನುವ ಹೆದರಿಕೆ ನಮ್ಮ ಗಡಿನಾಡಿನ ಮಕ್ಕಳಿಗೆ ಸ್ವಲ್ಪ ಜಾಸ್ತಿಯೇ ಇದೆ. ಅದು ಅವರ ತಪ್ಪಲ್ಲ.

ಅದಕ್ಕಿಂತ ಹಿಂದಿನ ವರ್ಷ ಪೇಟೆಯಲ್ಲಿ ಒಂದು ಹಗಲು ಶಿಬಿರಕ್ಕೆ ಸೇರಿಸಿದ್ದೆ. ಎರಡೂವರೆ ಸಾವಿರ ರೂಪಾಯಿ ಕೊಟ್ಟಿದ್ದೆ. ನನಗೆ ಅದು ಎಷ್ಟೋ ರವಿಕೆ ಹೊಲಿದ ದುಡ್ಡು. ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಸಂಜೆ ನಾಲ್ಕಕ್ಕೆ ಕರೆದುಕೊಂಡು ಬರುವುದು. ಬಣ್ಣ ಹಚ್ಚಿದ, ಕಾಗದ ಮಡಚಿದ. ಕೊನೆಯ ದಿನ ಒಂದು ಸರ್ಟಿಫಿಕೇಟ್ ಕೊಟ್ಟರು. ಅವನಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ದಿನವಿಡೀ ಸುಮ್ನೆ ಕೂತಿದ್ದು, ಆದ ಬೇಸರವನ್ನೆಲ್ಲ ಸಂಜೆ ನನ್ನ ಹತ್ತಿರ ತರುತ್ತಿದ್ದ. ನಾನು ಸಮಾಧಾನ ಮಾಡುತ್ತಿದ್ದೆ. ಮರುದಿನ ಅದೇ ಮಗು ಅದೇ ಕುರ್ಚಿಯಲ್ಲಿ.

ಈ ಶಿಬಿರ ಹಾಗಿರಲಿಲ್ಲ. ಮುಳ್ಳೇರಿಯ ಕಡೆಯ ಒಂದು ಶಾಲೆಯಲ್ಲಿ ಕೆಲವು ಮಾಷ್ಟ್ರುಗಳೂ ಟೀಚರುಗಳೂ ಸೇರಿ ನಡೆಸಿದ್ದು. ಆರುನೂರು ರೂಪಾಯಿ, ಎರಡು ತೆಂಗಿನಕಾಯಿ, ಒಂದು ಕಿಲೋ ಕುಚ್ಚಿಲಕ್ಕಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಹೊಸದುರ್ಗ ಅಂತ ಜಿಲ್ಲೆಯ ಎಲ್ಲ ಕಡೆಯಿಂದ ಬಂದ 36 ಮಕ್ಕಳು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಹವ್ಯಕ, ಮಲಯಾಳ ಆಡುವವರೆಲ್ಲ ಇದ್ದರು. ಎಲ್ಲರಿಗೂ ಸೇರಿ ಇದ್ದದ್ದು ಕನ್ನಡ. ಯಾರ ಕನ್ನಡ ಸರಿ, ಯಾರದ್ದು ತಪ್ಪು ಅಂತ ಕೇಳುವವರೇ ಇರಲಿಲ್ಲ.

ಮಕ್ಕಳನ್ನು ನಾಲ್ಕು ಗುಂಪು ಮಾಡಿದ್ದರು. ನಮ್ಮ ಜಿಲ್ಲೆಗೆ 2023ರಲ್ಲಿ ಜಿಲ್ಲಾ ಮರ, ಹೂವು, ಹಕ್ಕಿ, ಪ್ರಾಣಿ ಅಂತ ಘೋಷಣೆ ಆಯಿತಲ್ಲ, ಅವೇ ಗುಂಪಿನ ಹೆಸರು. ಕಾಸರಕ ಮರ, ಪೆರಿಯದ ಪೊಳತಾಳಿ ಹೂವು, ಬಿಳಿ ಹೊಟ್ಟೆಯ ಕಡಲ ಹದ್ದು, ಚಂದ್ರಗಿರಿ ಹೊಳೆಯ ಮೆದು ಚಿಪ್ಪಿನ ದೊಡ್ಡ ಆಮೆ. ನನ್ನ ಮಗ ಆಮೆ ಗುಂಪು. ಪ್ರತಿ ಗುಂಪಿಗೂ ದಿನಕ್ಕೊಬ್ಬ ಲೀಡರ್. ಒಂದು ದಿನ ನೀರು ಸೇದುವ ಪಾಳಿ, ಇನ್ನೊಂದು ದಿನ ಬಡಿಸುವ ಪಾಳಿ, ಮತ್ತೊಂದು ದಿನ ಗುಡಿಸುವ ಪಾಳಿ.

ಅಲ್ಲಿದ್ದ ಒಬ್ಬರು ಮಾಷ್ಟ್ರು ಹಿಂದೆ ಸ್ಕೌಟ್ ನಡೆಸಿದವರು. ಗುಂಪು ಮಾಡುವ ಈ ಕ್ರಮ ಎಲ್ಲಿಂದ ಬಂತು ಅಂತ ಕೊನೆಯ ದಿನ ನಮಗೆ ಹೇಳಿದರು. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದರಂತೆ. ದೊಡ್ಡ ಶಾಲೆಯ ಶ್ರೀಮಂತರ ಮಕ್ಕಳು, ಕೆಲಸಗಾರರ ಮಕ್ಕಳು ಎಲ್ಲರೂ ಒಟ್ಟಿಗೆ ಡೇರೆಯಲ್ಲಿ ಮಲಗಿದರಂತೆ. ಅವರಿಗೂ ನಾಲ್ಕು ಗುಂಪು, ಹಕ್ಕಿ ಮತ್ತು ಪ್ರಾಣಿಗಳ ಹೆಸರು, ಪ್ರತಿ ಗುಂಪಿಗೆ ಒಬ್ಬ ಹುಡುಗನೇ ನಾಯಕ. ಹುಡುಗರ ಮೇಲೆ ಜವಾಬ್ದಾರಿ ಬಿಟ್ಟು ನೋಡಿದ್ದೇ ಅಲ್ಲಿಯ ವಿಶೇಷ ಅಂತ ಮಾಷ್ಟ್ರು ಹೇಳಿದರು.

ಮೊದಲ ರಾತ್ರಿಯ ಸಂಗತಿ ಹೇಳಲೇಬೇಕು. ಒಂಬತ್ತು ಗಂಟೆಗೆ ನನಗೆ ತಡೆಯಲಾಗಲಿಲ್ಲ, ಫೋನ್ ಮಾಡಿದೆ. ಟೀಚರ್ ತೆಗೆದರು. "ಅತ್ತಿದ್ದಾನೆ, ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಈಗ ನಿಮ್ಮ ಸ್ವರ ಕೇಳಿದರೆ ಇನ್ನೂ ಅಳುತ್ತಾನೆ. ನಾನು ಹತ್ತಿರವೇ ಇದ್ದೇನೆ. ನಾಳೆ ಸಂಜೆ ಅವನೇ ಮಾಡುತ್ತಾನೆ, ನೀವು ಮಲಗಿ" ಅಂದರು. ನನ್ನ ಗಂಡ ಆಟೋ ಮಾಡಿಕೊಂಡು ಹೋಗಿ ಕರೆದುಕೊಂಡು ಬರುತ್ತೇನೆ ಅಂತ ಅಂಗಿ ಹಾಕಿಕೊಂಡೇ ಬಿಟ್ಟರು. ನಾನೇ ತಡೆದೆ. ಆ ರಾತ್ರಿ ಗುಡುಗು ಸಹಿತ ಮಳೆ ಬಂತು, ಕರೆಂಟ್ ಹೋಯಿತು. ನಾನು ಚಾವಡಿಯಲ್ಲಿ ಕೂತೇ ಬೆಳಗು ಮಾಡಿದೆ.

ಮರುದಿನ ಸಂಜೆ ಫೋನ್ ಬಂತು. "ಅಮ್ಮ, ಇವತ್ತು ನಮ್ಮದು ಬಡಿಸುವ ಪಾಳಿ. ಗಂಜಿ ನಾನೇ ಬಡಿಸುವುದು. ಇಡ್ತೇನೆ ಆಯ್ತಾ." ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂತು.

ಕರೆಂಟ್ ಹೋದ ರಾತ್ರಿ ಏನಾಯಿತು ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಚಾಪೆಯಲ್ಲಿ ಮೂರನೇ ತರಗತಿಯ ಒಬ್ಬ ಹುಡುಗ ಮಲಗಿದ್ದ. ಅವನಿಗೆ ಮೂತ್ರಕ್ಕೆ ಹೋಗಬೇಕಿತ್ತು, ಹೆದರಿಕೆ. ನನ್ನ ಮಗನನ್ನು ಎಬ್ಬಿಸಿದ. ಇಬ್ಬರೂ ಒಂದು ಟಾರ್ಚ್ ಹಿಡಿದು ವರಾಂಡದ ಕೊನೆಯವರೆಗೆ ಹೋಗಿ ಬಂದರು. ಟೀಚರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ, ಮಾತಾಡಲಿಲ್ಲವಂತೆ. ಇದನ್ನು ನಾನು ಮನೆಯಲ್ಲಿ ಕಲಿಸಲು ಸಾಧ್ಯವಿತ್ತೇ? ಮನೆಯಲ್ಲಿ ಅವನು ಕರೆದ ಕೂಡಲೇ ನಾನು ಏಳುತ್ತೇನೆ. ಅಲ್ಲಿ ಕರೆದದ್ದು ಅವನಿಗಿಂತ ಚಿಕ್ಕವನು, ಏಳಬೇಕಾದದ್ದು ಇವನು.

ಮೂರನೇ ದಿನ ಒಬ್ಬರ ತೋಟದ ಸುರಂಗ ನೋಡಲು ಹೋದರಂತೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಈ ಸುರಂಗಗಳು ನಮ್ಮ ಕಡೆ ಎಷ್ಟೋ ಇವೆ. ಆದರೂ ನಮ್ಮ ಮಕ್ಕಳು ಒಳಗೆ ಕಾಲಿಟ್ಟಿರುವುದಿಲ್ಲ. ತೋಟದವರು ಮುಂದೆ, ಐದೈದು ಮಕ್ಕಳು ಹಿಂದೆ, ಹತ್ತಿಪ್ಪತ್ತು ಹೆಜ್ಜೆ ಅಷ್ಟೇ. ಕಾಲಡಿಯಲ್ಲಿ ತಣ್ಣನೆಯ ನೀರು, ತಲೆ ಮೇಲೆ ಬಾವಲಿ. ಎರಡನೇ ಸರ್ತಿ ಹೋಗಲು ಮೊದಲು ಕೈ ಎತ್ತಿದ್ದು ಇವನಂತೆ.

ಎಲ್ಲವೂ ಚೆನ್ನಾಗಿಯೇ ಆಯಿತು ಅಂತ ಹೇಳುವುದಿಲ್ಲ. ಒಬ್ಬಳು ಹುಡುಗಿ ಎರಡನೇ ದಿನ ಮನೆಗೆ ಹೋದಳು. ಮನಸ್ಸು ನಿಲ್ಲಲಿಲ್ಲ ಅವಳಿಗೆ. ಯಾರೂ ಬೈಯಲಿಲ್ಲ, "ಬರುವ ವರ್ಷ ಬಾ ಆಯ್ತಾ" ಅಂತ ಕಳುಹಿಸಿದರು. ಅದೂ ಸರಿಯೇ. ಒತ್ತಾಯ ಮಾಡಿ ಉಳಿಸಿದರೆ ಧೈರ್ಯ ಬರುವುದಿಲ್ಲ. ನನ್ನ ಮಗ ಬೇರೆ ಯಾರದ್ದೋ ಮೈ ಒರೆಸುವ ಬೈರಾಸು ತಂದ, ತನ್ನದನ್ನು ಅಲ್ಲೇ ಬಿಟ್ಟು ಬಂದ.

ಬಂದ ಮೇಲೆ ಒಂದು ದಿನ ಇಬ್ಬರೂ ಕಾಸರಗೋಡಿಗೆ ಹೋದೆವು. ಕಂಡಕ್ಟರ್ ಹತ್ತಿರ ಬಂದಾಗ ಅವನೇ ದುಡ್ಡು ಚಾಚಿ, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ "ಒಂದು ಫುಲ್, ಒಂದು ಹಾಫ್" ಅಂದ. ಕಂಡಕ್ಟರ್ ಕನ್ನಡದಲ್ಲೇ ಚಿಲ್ಲರೆ ಕೇಳಿದರು. ಬಚ್ಚಲಿಗೂ ಈಗ ಟಾರ್ಚ್ ತೆಗೆದುಕೊಂಡು ಒಬ್ಬನೇ ಹೋಗುತ್ತಾನೆ.

ನನ್ನ ಕೋರಿಕೆ ಇಷ್ಟೇ. ಎಪ್ರಿಲ್, ಮೇ ಎರಡು ತಿಂಗಳು ನಮ್ಮ ಎಲ್‌ಪಿ, ಯುಪಿ (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಗಳು ಬೀಗ ಹಾಕಿಕೊಂಡಿರುತ್ತವೆ. ಬಾವಿ ಇದೆ, ಶೌಚಾಲಯ ಇದೆ, ಅಡುಗೆ ಕೋಣೆ ಇದೆ. ಪಿಟಿಎ (ಶಾಲೆಯ ಹೆತ್ತವರ ಮತ್ತು ಟೀಚರುಗಳ ಸಂಘ), ಪಂಚಾಯತು, ಊರಿನ ಕ್ಲಬ್ಬು, ಲೈಬ್ರರಿಯವರು ಮನಸ್ಸು ಮಾಡಿದರೆ ಪಂಚಾಯತಿಗೆ ಒಂದಾದರೂ ಕನ್ನಡ ಸಹವಾಸ ಶಿಬಿರ ನಡೆಸಬಹುದು. ಅಡುಗೆಗೆ ನಮ್ಮ ಕುಟುಂಬಶ್ರೀ ಮಹಿಳಾ ಸಂಘದವರು ಇದ್ದಾರೆ. ಈಗ ನಮ್ಮ ಸುತ್ತಮುತ್ತ ಹೆಚ್ಚಿನವು ಹಗಲು ಶಿಬಿರಗಳೇ. ಹೆತ್ತವರು ರಾತ್ರಿ ಬಿಡಲು ಒಪ್ಪುವುದಿಲ್ಲ ಅಂತ ನಡೆಸುವವರು ಹೇಳುತ್ತಾರೆ.

ಹೆತ್ತವರ ಹೆದರಿಕೆ ಸುಳ್ಳಲ್ಲ. ಹೆಣ್ಣುಮಕ್ಕಳ ಕೋಣೆಯಲ್ಲಿ ಯಾವ ಟೀಚರ್ ಮಲಗುತ್ತಾರೆ, ಬಾವಿಗೆ ಕಟ್ಟೆ ಇದೆಯಾ, ಜ್ವರ ಬಂದರೆ ಯಾವ ಡಾಕ್ಟರ್, ರಾತ್ರಿ ಗೇಟಿನ ಬೀಗ ಯಾರ ಕೈಯಲ್ಲಿ, ಇದನ್ನೆಲ್ಲ ಮೊದಲೇ ಕೇಳಿ. ನಾನೂ ಕೇಳಿದ್ದೆ. ನೆಟ್ಟಗೆ ಉತ್ತರ ಕೊಡದವರ ಹತ್ತಿರ ಮಗುವನ್ನು ಬಿಡಬೇಡಿ. ಉತ್ತರ ಸಿಕ್ಕಿದ ಮೇಲೆ ಮಾತ್ರ ದಯವಿಟ್ಟು ಬಿಟ್ಟು ಬನ್ನಿ. ಮೊದಲ ರಾತ್ರಿ ಫೋನ್ ಮಾಡದೆ ಇರಿ.

ನಮ್ಮ ಪಂಚಾಯತಿನಲ್ಲಿ ಬರುವ ಎಪ್ರಿಲ್‌ನಲ್ಲಿ ಯಾರಾದರೂ ಇಂಥ ಶಿಬಿರ ಇಟ್ಟರೆ ಎರಡು ದಿನ ಅಡುಗೆ ಕೆಲಸಕ್ಕೆ ನಾನು ಬರುತ್ತೇನೆ. ಮಕ್ಕಳ ಹರಿದ ಅಂಗಿ, ಹೋದ ಗುಂಡಿ ಎಲ್ಲ ಅಲ್ಲೇ ಕೂತು ಹೊಲಿದುಕೊಡುತ್ತೇನೆ. ನನ್ನ ಮಗ ಈಗಲೇ ಚೀಲ ತೆಗೆದಿಟ್ಟಿದ್ದಾನೆ.

ಇತಿ,
ಹೊಲಿಗೆ ಕೆಲಸದ ಒಬ್ಬ ತಾಯಿ
ಪೆರ್ಲ, ಕಾಸರಗೋಡು ಜಿಲ್ಲೆ