ಟೆಸ್ಟ್ ಅಂದರೆ ಮಡಕೆ, ಮಗು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಊರಿನ ಸುದ್ದಿಯೆಲ್ಲ ನಿಮ್ಮಪ್ಪ ಬರೆದಿರುತ್ತಾನೆ, ನಾನು ಮತ್ತೆ ಬರೆಯುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಟೆಸ್ಟ್ ಬರೆದ ಮೇಲೆ ನನ್ನೊಳಗೆ ಏನೂ ಇಲ್ಲ ಅಂತ ಗೊತ್ತಾಗಿಬಿಟ್ಟರೆ?" ಅಂತ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಟೆಸ್ಟ್ ಅನ್ನುವ ಪದದ ಮೂಲ ಲ್ಯಾಟಿನ್‌ನ ಟೆಸ್ಟುಮ್. ಮಣ್ಣಿನ ಮಡಕೆ, ಅಷ್ಟೇ. ಹಳೆಯ ಫ್ರೆಂಚ್ ದಾಟಿ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅದು ಬೆಳ್ಳಿ ಬಂಗಾರ ಶೋಧಿಸುವ ಬಟ್ಟಲಿನ ಹೆಸರು. ಮನುಷ್ಯರನ್ನು ಪರೀಕ್ಷಿಸುವ ಅರ್ಥ ಅಂಟಿಕೊಂಡದ್ದು ಎಷ್ಟೋ ಕಾಲದ ಮೇಲೆ. ಸಾಕ್ಷಿ ಅನ್ನುವ ಅರ್ಥದ ಟೆಸ್ಟಿಸ್ ಬೇರೆ ಪದ. ಎರಡನ್ನೂ ಕಲಸಿಬಿಡುವವರು ಇದ್ದಾರೆ.

ಕೋಲಾರದ ಗಣಿಯ ಲ್ಯಾಬಿನಲ್ಲಿ ಆ ಬಟ್ಟಲುಗಳ ಜೊತೆಗೇ ನನ್ನ ವಯಸ್ಸು ಕಳೆಯಿತು. ಸುಮಾರು 30 ಗ್ರಾಂ ಕಲ್ಲಿನ ಪುಡಿಯನ್ನು ಲಿಥಾರ್ಜ್, ಅಂದರೆ ಸೀಸದ ಆಕ್ಸೈಡ್, ಹಾಕಿ ಕರಗಿಸಿದರೆ ಚಿನ್ನವೆಲ್ಲ ಸೀಸದ ಒಂದು ಗುಂಡಿನೊಳಗೆ ಸೇರುತ್ತದೆ. ಆ ಗುಂಡನ್ನು ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಗೆ ತಳ್ಳುತ್ತಿದ್ದೆವು. ಬಟ್ಟಲು ಸೀಸವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಕೊನೆಗೆ ಫಳ್ ಎಂದು ಒಂದು ಮಿಂಚು. ಸಾಸಿವೆಗಿಂತ ಚಿಕ್ಕ ಮಣಿ ಉಳಿಯುತ್ತದೆ.

ಎಷ್ಟೋ ಸಲ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನೀನು ಹೆದರುವುದು ಇದಕ್ಕೇ ಅಲ್ವಾ? ಆದರೆ ಅದು ಆ ಒಂದು ಹಿಡಿ ಪುಡಿಯ ಲೆಕ್ಕ. ಒಂದು ಮೊಳ ಆಚೆಯ ಕಲ್ಲು ತಂದರೆ ಲೆಕ್ಕವೇ ಬೇರೆ. ಒಂದು ಬಟ್ಟಲು ನೋಡಿ ಗಣಿಯೇ ಬರಿದು ಅಂತ ನಾವು ಯಾರೂ ಬರೆದವರಲ್ಲ.

ಇಷ್ಟು ಗೊತ್ತಿದ್ದೂ ನಾನು ಹೆದರಿದೆ, ಮಗು. ಇಲಾಖೆಯ ಪರೀಕ್ಷೆಗೆ ಎರಡು ಸಲ ಫೀ ಕಟ್ಟಿದ್ದೆ. ಎರಡು ಸಲವೂ ಜ್ವರ ಅಂತ ಸುಳ್ಳು ಹೇಳಿ ಮಲಗಿದೆ. ನಿಮ್ಮ ದೊಡ್ಡಮ್ಮ ಕಷಾಯ ಕಾಸಿ ಕೊಟ್ಟಳು, ಅದನ್ನೂ ಕುಡಿದೆ. ಒಳಗೆ ಏನೂ ಇಲ್ಲ ಅಂತ ಗೊತ್ತಾಗುವುದೇ ಬೇಡ ಅನಿಸಿತ್ತು. 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ಬರೆಯೋಣ ಅಂದರೂ ಪರೀಕ್ಷೆಯೇ ಇರಲಿಲ್ಲ. ಏನಿತ್ತೋ ಏನಿರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ಇದನ್ನು ದೊಡ್ಡಮ್ಮನಿಗೂ ಹೇಳಿಲ್ಲ.

ರಾತ್ರಿ ಜಾಸ್ತಿ ಹೊತ್ತು ಓದಬೇಡ. ತಿಂಡಿ ಬಿಟ್ಟು ಹೋಗಬೇಡ. ಇದೆಲ್ಲ ನಿನಗೆ ಗೊತ್ತಿರುವುದೇ, ಬರೆಯದೆ ಇರಲು ಆಗಲಿಲ್ಲ. ಆ ದಿನ ಹೋಗಿ ಸುಮ್ನೆ ಕೂತುಕೋ, ಬಂದಷ್ಟು ಬರಿ. ಸಂಜೆ ಫೋನ್ ಮಾಡು. ಹೇಗಾಯಿತು ಅಂತ ನಾನು ಕೇಳುವುದಿಲ್ಲ. ಹೋಗಿದ್ದೆ ಅಂತ ನೀನು ಹೇಳಿದರೆ ಸಾಕು.

ಇಂತಿ,
ನಿನ್ನ ದೊಡ್ಡಪ್ಪ